ಶಾಲೆಯ ಅನುದಾನದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಪಾಲು: ಎಸ್‌ಡಿಎಂಸಿಗಳಿಗೆ ಒಂದು ಮಾರ್ಗದರ್ಶಿ

ಶಿಬಿರದಲ್ಲಿ ಕೊಟ್ಟ ಶ್ರವಣಸಾಧನ ಎಷ್ಟೋ ಶಾಲೆಗಳ ಬೀರುವಿನಲ್ಲಿ ಡಬ್ಬಿಯ ಸಮೇತ ಕೂತಿದೆ. ಕಾರಣ ಕೇಳಿದರೆ ಬ್ಯಾಟರಿ ಮುಗಿದಿದೆ, ಇಲ್ಲವೇ ಸಾಧನವನ್ನು ಕಿವಿಯೊಳಗೆ ಕೂರಿಸುವ ಅಚ್ಚು ಮಗುವಿಗೆ ಚಿಕ್ಕದಾಗಿದೆ. ಸಾಧನಕ್ಕೆ ಸರ್ಕಾರ ದೊಡ್ಡ ಮೊತ್ತವನ್ನೇ ಖರ್ಚು ಮಾಡಿದೆ. ಅದನ್ನು ಬಳಕೆಯಲ್ಲಿಡಲು ಬೇಕಾದ ತಿಂಗಳಿಗೆ ಇನ್ನೂರು ರೂಪಾಯಿ ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ.

ಶಾಲೆಯ ಕೈಯಲ್ಲಿರುವ ಹಣ ತುಂಬಬೇಕಾದ್ದು ಈ ಸಂದನ್ನೇ. ಗಾಲಿಕುರ್ಚಿ, ಶ್ರವಣಸಾಧನ, ಇಳಿಜಾರು ದಾರಿ, ವಿಶೇಷ ಶಿಕ್ಷಕರು ಇವೆಲ್ಲ ಇಲಾಖೆ ಮತ್ತು ಪಂಚಾಯಿತಿ ಕೊಡಬೇಕಾದವು. ಅವನ್ನು ಕೇಳಿ ಪಡೆಯಬೇಕು. ಶಾಲೆಯ ಸಣ್ಣ ಅನುದಾನವನ್ನು ಅಂಥ ದೊಡ್ಡ ಬಾಬ್ತಿಗೆ ಸುರಿದರೆ ಅದೂ ಅರ್ಧಕ್ಕೆ ನಿಲ್ಲುತ್ತದೆ, ದಿನನಿತ್ಯದ ಅಗತ್ಯಗಳೂ ಹಾಗೇ ಉಳಿಯುತ್ತವೆ. ಇಲ್ಲಿ ಹೇಳಿರುವುದು ಕರ್ನಾಟಕದ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ಮತ್ತು ವಿಶೇಷ ಅಗತ್ಯವುಳ್ಳ ಮಕ್ಕಳ ತಂದೆತಾಯಿಗಳಿಗೆ.

ಮೊದಲು ಮಕ್ಕಳ ಪಟ್ಟಿ, ಆಮೇಲೆ ಹಣದ ಮಾತು

ಜೂನ್ ತಿಂಗಳಲ್ಲೇ ಶುರುಮಾಡಿ. ದಾಖಲಾತಿಯ ಗಡಿಬಿಡಿ ಮುಗಿದ ಮೇಲೆ ಪ್ರತಿ ತರಗತಿ ಶಿಕ್ಷಕರಿಂದ ಒಂದು ಪಟ್ಟಿ ಪಡೆಯಿರಿ. ಎನ್‌ಸಿಇಆರ್‌ಟಿ 2022ರಲ್ಲಿ ತಂದ ಪ್ರಶಸ್ತ್ ಎಂಬ ತಪಾಸಣಾ ಪಟ್ಟಿ ಈ ಕೆಲಸಕ್ಕೆಂದೇ ಇದೆ. ಅದರ ಮೊದಲ ಭಾಗವನ್ನು ತರಗತಿ ಶಿಕ್ಷಕರೇ ತುಂಬಬಹುದು, ಎರಡನೆಯ ಭಾಗ ವಿಶೇಷ ಶಿಕ್ಷಕರದು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಅವುಗಳಲ್ಲಿ ಹಲವು ಕಣ್ಣಿಗೆ ಕಾಣುವುದಿಲ್ಲ. ಕಾಲಿಗೆ ಕ್ಯಾಲಿಪರ್ (ಆಧಾರದ ಪಟ್ಟಿ) ಹಾಕಿದ ಮಗುವನ್ನು ಎಲ್ಲರೂ ಗುರುತಿಸುತ್ತಾರೆ. ಐದನೇ ತರಗತಿಗೆ ಬಂದರೂ ಒತ್ತಕ್ಷರ ಓದಲು ತಡವರಿಸುವ, ಬಾಯಲ್ಲಿ ಕೇಳಿದರೆ ಮಾತ್ರ ಪಟಪಟನೆ ಉತ್ತರ ಹೇಳುವ ಮಗು ‘ಸೋಮಾರಿ’ ಎನಿಸಿಕೊಂಡು ಕೊನೆಯ ಬೆಂಚಿನಲ್ಲಿ ಉಳಿದುಬಿಡುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಪ್ರಮಾಣಪತ್ರಕ್ಕಾಗಿ ಕಾಯುವುದು. ಶೇ 40 ಅಂಗವೈಕಲ್ಯ ಎಂಬ ಗೆರೆ ಮತ್ತು ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ) ಬೇಕಾಗುವುದು ಮಾಸಾಶನ, ವಿದ್ಯಾರ್ಥಿವೇತನ, ಮೀಸಲಾತಿಗಳಿಗೆ. ತರಗತಿಯಲ್ಲಿ ದೊಡ್ಡ ಅಕ್ಷರದ ಹಾಳೆ ಕೊಡಲು ಯಾವ ಪ್ರಮಾಣಪತ್ರವೂ ಬೇಡ. ಎರಡೂ ಕೆಲಸ ಒಟ್ಟಿಗೇ ಸಾಗಲಿ.

ಪಟ್ಟಿಯಾದ ಮೇಲೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದ ದಿನ ಈ ಮಕ್ಕಳನ್ನು ತಪ್ಪದೆ ತೋರಿಸಿ. ಆ ದಿನ ಮಗು ಗೈರಾದರೆ ವರ್ಷವೇ ಹೋದಂತೆ, ಆದ್ದರಿಂದ ಹಿಂದಿನ ದಿನವೇ ಮನೆಗೆ ಹೇಳಿ ಕಳಿಸಿ. ಕಲಿಕೆಯಲ್ಲಿ ಹಿಂದೆ ಎಂದು ಬರೆದ ಕೆಲವು ಮಕ್ಕಳಿಗೆ ಬೇಕಿದ್ದದ್ದು ಒಂದು ಕನ್ನಡಕ ಮಾತ್ರ ಎಂದು ಗೊತ್ತಾಗುವುದು ಅಂದೇ.

ಅನಂತರ ತಾಲ್ಲೂಕಿನ ಬಿಐಇಆರ್‌ಟಿಗೆ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿಗೆ ಪಟ್ಟಿ ತಲುಪಿಸಿ. ವಿಶೇಷ ಶಿಕ್ಷಕರ ಪ್ರಮಾಣ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿದೆ. ಇರುವ ಕೆಲವೇ ಬಿಐಇಆರ್‌ಟಿಗಳು ಇಡೀ ತಾಲ್ಲೂಕಿನ ಶಾಲೆಗಳನ್ನು ಸುತ್ತಬೇಕು. ಅವರು ಬಂದ ದಿನ ‘ಭೇಟಿ ನೀಡಲಾಯಿತು’ ಎಂದಷ್ಟೇ ಬರೆಸಿಕೊಂಡು ಕಳಿಸಬೇಡಿ. ಪ್ರತಿ ಮಗುವಿಗೂ ಮುಂದಿನ ಭೇಟಿಯ ತನಕ ತರಗತಿ ಶಿಕ್ಷಕರು ಮಾಡಬೇಕಾದ ಮೂರು ಕೆಲಸಗಳನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ. ಏನು ಕೊಳ್ಳಬೇಕು ಎಂಬುದು ಆ ಬರಹದಿಂದಲೇ ಹೊರಡುತ್ತದೆ.

ಕೊನೆಯದಾಗಿ, ಮಕ್ಕಳ ಮತ್ತು ಶಾಲೆಗಳ ಮಾಹಿತಿ ದಾಖಲಿಸುವ ಸರ್ಕಾರಿ ಜಾಲತಾಣಗಳಾದ ಸ್ಯಾಟ್ಸ್ ಮತ್ತು ಯುಡೈಸ್‌ನಲ್ಲಿ ಈ ಮಕ್ಕಳ ವಿವರ, ಯಾವ ಬಗೆಯ ಅಗತ್ಯ ಎಂಬುದರ ಸಮೇತ, ಸೆಪ್ಟೆಂಬರ್ ಮುಗಿಯುವ ಮುಂಚೆ ದಾಖಲಾಗಿರಬೇಕು. ಮುಂದಿನ ವರ್ಷದ ಹಣ ನಿಗದಿಯಾಗುವುದು ಈ ಅಂಕಿಗಳ ಮೇಲೆ. ಪರದೆಯ ಮೇಲೆ ‘ಇಲ್ಲ’ ಎಂದು ಬಿದ್ದ ಒಂದು ಗುರುತಿನಿಂದ ಮಗು ಲೆಕ್ಕದಿಂದಲೇ ಜಾರಿಹೋಗುತ್ತದೆ.

ಯಾವ ಹಣ ಎಲ್ಲಿದೆ

ನಿಮ್ಮ ಶಾಲೆಗೆ ಸಂಬಂಧಿಸಿದ ಹಣವನ್ನು ಮೂರು ಗುಂಪು ಮಾಡಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಮುಟ್ಟುವಂತಿಲ್ಲದ್ದು, ಹೊಂದಿಸಿಕೊಳ್ಳಬಹುದಾದದ್ದು, ಹೊರಗಿನಿಂದ ಕೇಳಿ ತರಬೇಕಾದದ್ದು.

ಮುಟ್ಟುವಂತಿಲ್ಲದ್ದು ಅಕ್ಷರ ದಾಸೋಹ ಮತ್ತು ಕ್ಷೀರ ಭಾಗ್ಯದ ಹಣ, ವಿದ್ಯಾರ್ಥಿವೇತನ, ನಿಗದಿತ ಕಾಮಗಾರಿಗೆಂದೇ ಬಂದ ಅನುದಾನ. ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ ಇವುಗಳಿಂದ ಒಂದು ರೂಪಾಯಿ ಆಚೀಚೆ ಮಾಡಿದರೆ ಆಕ್ಷೇಪಣೆ ಬರುವುದು ಖಚಿತ. ಶೂ-ಸಾಕ್ಸ್ ಹಣವೂ ಶೂ-ಸಾಕ್ಸ್‌ಗೇ. ಆದರೆ ಅಲ್ಲೊಂದು ದಾರಿಯಿದೆ. ಖರೀದಿ ಮಾಡುವುದು ಎಸ್‌ಡಿಎಂಸಿಯೇ ಆದ್ದರಿಂದ, ಕ್ಯಾಲಿಪರ್ ಹಾಕುವ ಮಗುವಿನ ಅಳತೆಯನ್ನು ಕ್ಯಾಲಿಪರ್ ಸಮೇತ ತೆಗೆದು ಅಂಗಡಿಗೆ ಕೊಡಿ. ಎರಡು ಕಾಲಿಗೂ ಒಂದೇ ಅಳತೆ ಎಂದು ಭಾವಿಸಿ ತಂದ ಜೋಡು ಆ ಮಗುವಿಗೆ ಒಂದು ದಿನವೂ ಆಗಿಬರುವುದಿಲ್ಲ.

ಹೊಂದಿಸಿಕೊಳ್ಳಬಹುದಾದದ್ದು ಮುಖ್ಯವಾಗಿ ಕೇಂದ್ರ-ರಾಜ್ಯಗಳ ಶಾಲಾ ಯೋಜನೆಯಾದ ಸಮಗ್ರ ಶಿಕ್ಷಣದ ಸಂಯುಕ್ತ ಶಾಲಾ ಅನುದಾನ. ಮಕ್ಕಳ ಸಂಖ್ಯೆಗೆ ತಕ್ಕಂತೆ ಇದರ ಮೊತ್ತ ಬದಲಾಗುತ್ತದೆ. ಸಮಗ್ರ ಶಿಕ್ಷಣದ ಮಾನದಂಡದ ಪ್ರಕಾರ 30 ಮಕ್ಕಳವರೆಗೆ 10,000, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲೆ 1 ಲಕ್ಷ ರೂಪಾಯಿ. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು. ಉಳಿದದ್ದು ದುರಸ್ತಿ, ವಿದ್ಯುತ್, ನೀರು, ಇಂಟರ್ನೆಟ್, ಕಲಿಕೋಪಕರಣ, ದಿನಬಳಕೆಯ ಸಾಮಗ್ರಿಗಳಿಗೆ. ಇದರ ಜೊತೆಗೆ ಗ್ರಂಥಾಲಯ ಮತ್ತು ಕ್ರೀಡಾ ಅನುದಾನಗಳೂ ಬರುತ್ತವೆ. ಗೆಜ್ಜೆ ಕಟ್ಟಿದ ಚೆಂಡನ್ನು ಕ್ರೀಡಾ ಅನುದಾನದಲ್ಲೇ, ದೊಡ್ಡಕ್ಷರದ ಕಥೆಪುಸ್ತಕವನ್ನು ಗ್ರಂಥಾಲಯದ ಹಣದಲ್ಲೇ ಕೊಳ್ಳಲು ಯಾವ ಅಡ್ಡಿಯೂ ಇಲ್ಲ. ದಾನಿಗಳು, ಹಳೆಯ ವಿದ್ಯಾರ್ಥಿಗಳು ಕೊಟ್ಟ ಹಣ ಎಸ್‌ಡಿಎಂಸಿಯ ಪ್ರತ್ಯೇಕ ಖಾತೆಯಲ್ಲಿದ್ದರೆ ಅದು ಇನ್ನೂ ಸಲೀಸು, ಮಾರ್ಚ್ ಗಡುವು ಅದಕ್ಕಿಲ್ಲ.

ಕೇಳಿ ತರಬೇಕಾದದ್ದರ ಪಟ್ಟಿ ಉದ್ದವಿದೆ. ಸಮಗ್ರ ಶಿಕ್ಷಣದ ಸಮನ್ವಯ ಶಿಕ್ಷಣ ವಿಭಾಗದಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಎಂಬ ಮಾನದಂಡವಿದೆ. ಈ ಹಣ ಶಾಲೆಯ ಖಾತೆಗೆ ನೇರವಾಗಿ ಬರುವುದಿಲ್ಲ. ಶಿಬಿರ, ಸಾಧನ ಸಲಕರಣೆ, ಪ್ರಯಾಣ ಭತ್ಯೆ, ಬೆಂಗಾವಲು ಭತ್ಯೆ (ಮಗುವನ್ನು ಶಾಲೆಗೆ ಕರೆತರುವವರಿಗೆ) ಇಂಥವುಗಳಾಗಿ ಮೇಲಿನಿಂದಲೇ ಖರ್ಚಾಗುತ್ತದೆ. ಆದ್ದರಿಂದ ‘ನಮ್ಮ ಮಗುವಿನ 3,500 ಎಲ್ಲಿ’ ಎಂದು ಮುಖ್ಯ ಶಿಕ್ಷಕರನ್ನು ಕೇಳಿದರೆ ಅವರ ಬಳಿ ಉತ್ತರವಿರುವುದಿಲ್ಲ. ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ, ‘ಈ ಮಗುವಿಗೆ ಈ ವರ್ಷ ಯಾವ ಭತ್ಯೆ, ಯಾವ ಸಾಧನ ಮಂಜೂರಾಗಿದೆ’ ಎಂದು ಲಿಖಿತವಾಗಿ ಕೇಳಿ, ಉತ್ತರ ಬರುತ್ತದೆ. 1ರಿಂದ 12ನೇ ತರಗತಿಯವರೆಗಿನ ವಿಶೇಷ ಅಗತ್ಯವುಳ್ಳ ಹೆಣ್ಣುಮಕ್ಕಳಿಗೆ ತಿಂಗಳಿಗೆ 200ರಂತೆ 10 ತಿಂಗಳ ಪ್ರೋತ್ಸಾಹಧನವಿದೆ. ಇದು ನೇರ ಖಾತೆಗೆ ಜಮೆಯಾಗುವುದರಿಂದ, ಮಗುವಿನ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಹಣ ಹಿಂದಕ್ಕೆ ಹೋಗುತ್ತದೆ. ಜುಲೈನಲ್ಲೇ ಬ್ಯಾಂಕಿಗೆ ಕರೆದೊಯ್ದು ನೋಡಿಕೊಳ್ಳಿ.

ಗ್ರಾಮ ಪಂಚಾಯಿತಿಯ ಶೇ 5

ಇದನ್ನು ಬೇರೆಯಾಗಿಯೇ ಹೇಳಬೇಕು. ಯಾಕೆಂದರೆ ಶಾಲೆಗಳು ಅತಿ ಕಡಿಮೆ ಕೇಳುವ ಹಣ ಇದು.

ಕರ್ನಾಟಕದ ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಮನೆ ಕಂದಾಯ, ನೀರಿನ ಕರ, ಅಂಗಡಿ ಬಾಡಿಗೆ, ಪರವಾನಗಿ ಶುಲ್ಕ ಎಲ್ಲ ಸೇರಿ ವರ್ಷಕ್ಕೆ 8 ಲಕ್ಷ ಬರುವ ಪಂಚಾಯಿತಿಯಲ್ಲಿ ಅದು 40,000 ರೂಪಾಯಿ. ಯಾರೂ ಕೇಳದ ವರ್ಷ ಇದು ಒಂದಿಷ್ಟು ಜನರಿಗೆ ಸಣ್ಣ ಸಹಾಯಧನವಾಗಿ ಹಂಚಿಹೋಗುತ್ತದೆ, ಇಲ್ಲವೇ ಬಾಕಿ ಉಳಿಯುತ್ತದೆ.

ಮೊದಲು ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ. ಊರಲ್ಲಿ ಅವರನ್ನು ವಿಆರ್‌ಡಬ್ಲ್ಯು ಎಂದೇ ಕರೆಯುತ್ತಾರೆ. ಬಹುಪಾಲು ಕಡೆ ಸ್ವತಃ ವಿಕಲಚೇತನರೇ ಈ ಕೆಲಸದಲ್ಲಿರುವುದರಿಂದ ನಿಮ್ಮ ಮಾತು ಅವರಿಗೆ ಬೇಗ ಅರ್ಥವಾಗುತ್ತದೆ. ಯುಡಿಐಡಿ ಅರ್ಜಿಗೂ ಅವರೇ ದಾರಿ. ನವೆಂಬರ್‌ನಿಂದ ಜನವರಿಯ ನಡುವೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳಿಂದಲೇ ಪ್ರಶ್ನೆ ಕೇಳಿಸಿ, ನಡಾವಳಿಯಲ್ಲಿ ಅದು ದಾಖಲಾಗುವಂತೆ ನೋಡಿಕೊಳ್ಳಿ. ವಿಶೇಷಚೇತನರ ಗ್ರಾಮಸಭೆಯಲ್ಲಿ ಅದೇ ಬೇಡಿಕೆಯನ್ನು ಪೋಷಕರು ಇಡಲಿ. ಫೆಬ್ರವರಿ–ಮಾರ್ಚ್‌ನಲ್ಲಿ ಪಂಚಾಯಿತಿಯ ಆಯವ್ಯಯ ಸಿದ್ಧವಾಗುವ ಮೊದಲು ಪಿಡಿಒ ಅವರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಪತ್ರ ಹೀಗಿದ್ದರೆ ಸಾಕು:

‘ನಮ್ಮ ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ 5 ಮಕ್ಕಳು ಕಲಿಯುತ್ತಿದ್ದು, ಗಾಲಿಕುರ್ಚಿ ಬಳಸುವ ಒಬ್ಬ ವಿದ್ಯಾರ್ಥಿಗೆ ಶೌಚಾಲಯಕ್ಕೆ ಹೋಗಲು ದಾರಿಯಿಲ್ಲ. ನೆಲಮಟ್ಟದಿಂದ 45 ಸೆಂ.ಮೀ. ಎತ್ತರಕ್ಕೆ ಇಳಿಜಾರು ದಾರಿ, ಎರಡೂ ಬದಿ ಕೈಹಿಡಿ ಅಗತ್ಯವಿದೆ. ಗ್ರಾಮ ಪಂಚಾಯಿತಿಯ ಶೇ 5ರ ವಿಕಲಚೇತನರ ನಿಧಿಯ ಕ್ರಿಯಾ ಯೋಜನೆಯಲ್ಲಿ ಈ ಕಾಮಗಾರಿಯನ್ನು ಸೇರಿಸಲು ಕೋರುತ್ತೇವೆ. ಎಸ್‌ಡಿಎಂಸಿ ನಡಾವಳಿಯ ಪ್ರತಿ ಲಗತ್ತಿಸಿದೆ.’

ಅಳತೆ ಬರೆಯದೆ ‘ರ‍್ಯಾಂಪ್ ಕಟ್ಟಿಸಿಕೊಡಿ’ ಎಂದರೆ ಏನಾಗುತ್ತದೆಂದು ಮುಂದೆ ನೋಡೋಣ.

ಲೆಕ್ಕಶೀರ್ಷಿಕೆ ದಾಟದೆ ಹೊಂದಿಸುವುದು

118 ಮಕ್ಕಳಿರುವ ಒಂದು ಹಿರಿಯ ಪ್ರಾಥಮಿಕ ಶಾಲೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಮಾನದಂಡದಂತೆ ಅನುದಾನ 50,000. ಹಿಂದಿನ ವರ್ಷದ ಖರ್ಚು ಹೀಗಿತ್ತು ಎಂದಿಟ್ಟುಕೊಳ್ಳಿ: ಸ್ವಚ್ಛತೆ 5,000, ವಿದ್ಯುತ್-ನೀರು-ಇಂಟರ್ನೆಟ್ 9,000, ಲೇಖನ ಸಾಮಗ್ರಿ ಮತ್ತು ವಹಿಗಳು 11,000, ದುರಸ್ತಿ ಮತ್ತು ಬಣ್ಣ 12,000, ಕಲಿಕೋಪಕರಣ 8,000, ರಾಷ್ಟ್ರೀಯ ಹಬ್ಬ ಮತ್ತು ಇತರೆ 5,000. ಶಾಲೆಯಲ್ಲಿ ಐದು ಮಕ್ಕಳಿದ್ದಾರೆ: ಮಂದದೃಷ್ಟಿಯ ಒಬ್ಬಳು, ಎರಡೂ ಕಿವಿಗೆ ಸಾಧನವಿರುವ ಒಬ್ಬ, ಸೆರೆಬ್ರಲ್ ಪಾಲ್ಸಿಯಿಂದಾಗಿ ಗಾಲಿಕುರ್ಚಿ ಬಳಸುವ ಒಬ್ಬ, ಕಲಿಕಾ ನ್ಯೂನತೆ ಇರುವ ಇಬ್ಬರು.

ಇಲ್ಲಿ ‘ವಿಶೇಷ ಮಕ್ಕಳ ನಿಧಿ’ ಎಂಬ ಹೊಸ ಬಾಬ್ತು ತೆರೆಯಬೇಡಿ. ಅನುದಾನದ ಸುತ್ತೋಲೆಯಲ್ಲಿ ಇಲ್ಲದ ಶೀರ್ಷಿಕೆ ಕಂಡರೆ ಲೆಕ್ಕಪರಿಶೋಧಕರ ಪೆನ್ನು ಅಲ್ಲೇ ನಿಲ್ಲುತ್ತದೆ. ಇರುವ ಶೀರ್ಷಿಕೆಯ ಒಳಗೇ ಆದ್ಯತೆ ಬದಲಿಸಿ.

ಸ್ವಚ್ಛತೆಯ 5,000ದಲ್ಲಿ 2,000ವನ್ನು ಶೌಚಾಲಯದ ಗೋಡೆಗೆ ಹಿಡಿಕಂಬಿ ಹಾಕಿಸಲು ಮತ್ತು ತಿರುಪು ನಲ್ಲಿಯ ಬದಲು ಹಿಡಿ ತಳ್ಳಿದರೆ ನೀರು ಬರುವ ನಲ್ಲಿ ಕೂರಿಸಲು ಇಡಿ. ಅದೂ ಸ್ವಚ್ಛತೆಯ ಕೆಲಸವೇ. ದುರಸ್ತಿಯ 12,000ದಲ್ಲಿ ಈ ವರ್ಷ ಮುಂಭಾಗದ ಗೋಡೆಗೆ ಮಾತ್ರ ಬಣ್ಣ ಹೊಡೆಸಿ, 4,500 ಉಳಿಸಿ. ಅದರಲ್ಲಿ ಹೊಳಪಿಲ್ಲದ ಕಪ್ಪುಹಲಗೆ ಬಣ್ಣ ಮತ್ತು ಹಲಗೆಯ ಮೇಲೊಂದು ಎಲ್‌ಇಡಿ ದೀಪಕ್ಕೆ 1,500, ಮುರಿದ ಬೆಂಚಿನ ಹಲಗೆಯಿಂದ ಬಡಗಿಯ ಕೈಯಲ್ಲಿ ಓರೆಯಾದ ಓದುಮಣೆ ಮಾಡಿಸಲು 600, ಗಾಲಿಕುರ್ಚಿ ಒಳಗೆ ಹೋಗುವಂತೆ ಮೇಜಿನ ಅಡ್ಡಪಟ್ಟಿ ತೆಗೆದು ಎತ್ತರಿಸಲು 1,200, ಗಾಲಿಕುರ್ಚಿಯ ಟೈರು-ಬ್ರೇಕು ರಿಪೇರಿಗೆ 1,200. ಕಲಿಕೋಪಕರಣದ 8,000ದಲ್ಲಿ 3,500: ದೊಡ್ಡಕ್ಷರದ ಪ್ರತಿಗಳಿಗೆ 1,500, ಉಪ್ಪುಕಾಗದದ ಅಕ್ಷರ, ಮಣಿಚೌಕಟ್ಟು, ಪೆನ್ಸಿಲ್ ಹಿಡಿ, ಪದ-ಚಿತ್ರದ ಕಾರ್ಡುಗಳಿಗೆ 2,000.

ಒಟ್ಟು 10,000. ಅನುದಾನದ ಐದನೇ ಒಂದು ಭಾಗ. ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಒಂದು ಪೈಸೆಯೂ ದಾಟಿಲ್ಲ, ಸೀಮೆಸುಣ್ಣಕ್ಕೂ ಕರೆಂಟು ಬಿಲ್ಲಿಗೂ ಕೊರತೆಯಾಗಿಲ್ಲ. ಬೆಲೆಗಳು ಅಂದಾಜು, ನಿಮ್ಮೂರಿನ ಅಂಗಡಿಯ ದರ ಹಾಕಿ ತಿದ್ದಿಕೊಳ್ಳಿ. ಆ ವರ್ಷದ ಸುತ್ತೋಲೆಯನ್ನು ಪಕ್ಕದಲ್ಲಿಟ್ಟುಕೊಂಡೇ ಈ ಪಟ್ಟಿ ಮಾಡಿ.

ಶ್ರವಣಸಾಧನದ ಬ್ಯಾಟರಿ ಇದರಲ್ಲಿಲ್ಲ. ಅದು ತಪ್ಪದೆ ತಿಂಗಳು ತಿಂಗಳು ಬೇಕಾಗುವ ವಸ್ತು. ಅನುದಾನದ ಕಂತು ಎಷ್ಟೋ ಸಲ ವರ್ಷದ ನಡುವೆಯೇ ಬರುತ್ತದೆ. ಆದ್ದರಿಂದ ಅದನ್ನು ದಾನಿಗಳ ಹಣದ ಖಾತೆಗೆ ಕಟ್ಟಿ. ಕಿವಿಯ ಹಿಂದೆ ಕೂರುವ ಸಾಧನದ ಒಂದು ಬ್ಯಾಟರಿ ಸುಮಾರು 10 ದಿನ ಬಂತೆಂದರೆ, 10 ತಿಂಗಳಿಗೆ ಕಿವಿಯೊಂದಕ್ಕೆ 30, ಎರಡು ಕಿವಿಗೆ 60. ಆರು ಬ್ಯಾಟರಿಯ 10 ಕಾರ್ಡು. ಕಾರ್ಡಿಗೆ 200 ಎಂದು ಹಿಡಿದರೆ 2,000 ರೂಪಾಯಿ.

ಎಸ್‌ಡಿಎಂಸಿ ಸಭೆ ಮತ್ತು ನಡಾವಳಿ

ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಅನುಕೂಲವಂಚಿತ ಗುಂಪಿನ ಮಕ್ಕಳ ಪೋಷಕರಿಗೆ ತಕ್ಕ ಪ್ರಾತಿನಿಧ್ಯವೂ ಸಿಗಬೇಕು. 2012ರ ತಿದ್ದುಪಡಿಯ ನಂತರ ಅಂಗವೈಕಲ್ಯವಿರುವ ಮಕ್ಕಳು ಈ ಗುಂಪಿಗೆ ಸೇರುತ್ತಾರೆ. ನಿಮ್ಮ ಸಮಿತಿಯಲ್ಲಿ ಅಂಥ ಒಬ್ಬ ತಾಯಿಯೋ ತಂದೆಯೋ ಇಲ್ಲದಿದ್ದರೆ ಮುಂದಿನ ರಚನೆಯ ತನಕ ವಿಶೇಷ ಆಹ್ವಾನಿತರಾಗಿಯಾದರೂ ಕರೆಯಿರಿ. ಶೌಚಾಲಯಕ್ಕೆ ಎತ್ತಿಕೊಂಡು ಹೋಗಲು ಮಧ್ಯಾಹ್ನ ಶಾಲೆಗೆ ಬಂದುಹೋಗುವ ತಾಯಿ ಸಭೆಯಲ್ಲಿ ಕೂತಿದ್ದರೆ, ಬಣ್ಣ ಮೊದಲೋ ಹಿಡಿಕಂಬಿ ಮೊದಲೋ ಎಂಬ ಚರ್ಚೆ ಹೆಚ್ಚು ಹೊತ್ತು ನಡೆಯುವುದಿಲ್ಲ.

‘ಐದು ಮಕ್ಕಳಿಗಾಗಿ ಎಲ್ಲರ ಹಣ ಯಾಕೆ’ ಎಂಬ ಮಾತು ಬಂದೇ ಬರುತ್ತದೆ. ಆ ಮಾತಾಡುವವರು ಕೆಟ್ಟವರಲ್ಲ, ತಮ್ಮ ಮಕ್ಕಳ ಪಾಲು ಕಡಿಮೆಯಾದೀತೆಂಬ ಹೆದರಿಕೆ ಅದು. ಅದಕ್ಕೆ ಲೆಕ್ಕವೇ ಉತ್ತರವಾಗಲಿ. ಕಪ್ಪುಹಲಗೆಯ ದೀಪ, ಓದಲು ಕಾಣುವ ಹಲಗೆ, ಸುಲಭದ ನಲ್ಲಿ ಇವನ್ನು ಎಲ್ಲ 118 ಮಕ್ಕಳೂ ಬಳಸುತ್ತಾರೆ. ಒಂದೊಂದು ಮಗುವಿಗೇ ಮೀಸಲಾದ ಖರ್ಚು ಎಷ್ಟು ಸಣ್ಣದೆಂದು ಹಾಳೆಯಲ್ಲಿ ತೋರಿಸಿ. ಜೊತೆಗೆ, 2016ರ ಕಾಯ್ದೆಯ 16ನೇ ಕಲಮು ಇದನ್ನು ಶಾಲೆಯ ಕರ್ತವ್ಯವೆಂದೇ ಹೇಳುತ್ತದೆ ಎಂಬುದನ್ನೂ ಓದಿ ಹೇಳಿ.

ನಡಾವಳಿಯನ್ನು ‘ಚರ್ಚಿಸಿ ತೀರ್ಮಾನಿಸಲಾಯಿತು’ ಎಂದು ಮುಗಿಸಬೇಡಿ. ಮಾದರಿ ಇದು:

‘ವಿಷಯ 3: ಪ್ರಸಕ್ತ ಸಾಲಿನ ಶಾಲಾ ಅನುದಾನದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಸೌಲಭ್ಯ ಕಲ್ಪಿಸುವ ಬಗ್ಗೆ. ತೀರ್ಮಾನ: ಸ್ವಚ್ಛತೆ ಬಾಬ್ತಿನಿಂದ ರೂ. 2,000, ದುರಸ್ತಿ ಬಾಬ್ತಿನಿಂದ ರೂ. 4,500, ಕಲಿಕೋಪಕರಣ ಬಾಬ್ತಿನಿಂದ ರೂ. 3,500, ಒಟ್ಟು ರೂ. 10,000ವನ್ನು ಲಗತ್ತಿಸಿದ ಪಟ್ಟಿಯಂತೆ ವೆಚ್ಚ ಮಾಡಲು ಸಮಿತಿ ಸರ್ವಾನುಮತದಿಂದ ಒಪ್ಪಿದೆ. ಖರೀದಿಗೆ ಮುಖ್ಯ ಶಿಕ್ಷಕರು ಹಾಗೂ ಇಬ್ಬರು ಸದಸ್ಯರ ಉಪಸಮಿತಿ ರಚಿಸಿದೆ. ಗಡುವು: ನವೆಂಬರ್ 30.’

ಮಗುವಿನ ಹೆಸರನ್ನೂ ಅಂಗವೈಕಲ್ಯವನ್ನೂ ನಡಾವಳಿಯಲ್ಲಿ ಬರೆಯಬೇಡಿ. ಆ ಪುಸ್ತಕ ಹತ್ತಾರು ಕೈ ದಾಟುತ್ತದೆ. ‘ವಿದ್ಯಾರ್ಥಿ 1, ವಿದ್ಯಾರ್ಥಿ 2’ ಎಂದು ಬರೆದು, ಹೆಸರಿನ ಪಟ್ಟಿಯನ್ನು ಮುಖ್ಯ ಶಿಕ್ಷಕರ ಬೀರುವಿನಲ್ಲಿಡಿ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಮಿನಂತೆ ಮಾಡುವ ಶಾಲಾ ಅಭಿವೃದ್ಧಿ ಯೋಜನೆಯಲ್ಲೂ ಇದೇ ಸಾಲುಗಳು ಇರಲಿ. ಅಲ್ಲಿಲ್ಲದ ಬೇಡಿಕೆ ತಾಲ್ಲೂಕಿನ ವಾರ್ಷಿಕ ಯೋಜನೆಗೂ ಏರುವುದಿಲ್ಲ.

ಕೊಳ್ಳುವಾಗ, ಕಟ್ಟುವಾಗ ಎಡವುವ ಜಾಗಗಳು

ಇಳಿಜಾರು ದಾರಿಯಲ್ಲೇ ಅತಿ ಹೆಚ್ಚು ಹಣ ಹಾಳಾಗುವುದು. ಸೂತ್ರ ಒಂದೇ: ಎತ್ತರ 1 ಆದರೆ ಉದ್ದ 12. ತಲಾ 15 ಸೆಂ.ಮೀ.ನ ಮೂರು ಮೆಟ್ಟಿಲಿದ್ದರೆ ಎತ್ತರ 45 ಸೆಂ.ಮೀ., ದಾರಿಯ ಉದ್ದ 5.4 ಮೀಟರ್. ಜಾಗವಿಲ್ಲವೆಂದು ಮೆಟ್ಟಿಲಿನ ಪಕ್ಕದ ಎರಡು ಮೀಟರಿನಲ್ಲೇ ಸಿಮೆಂಟು ಸುರಿದುಬಿಟ್ಟರೆ ಅದು ಜಾರುಬಂಡೆಯಾಗುತ್ತದೆ. ಮಗು ತಾನೇ ಹತ್ತಲಾರದು, ತಳ್ಳುವವರೂ ಮುಗ್ಗರಿಸುತ್ತಾರೆ. ನೇರವಾಗಿ ಜಾಗ ಸಾಲದಿದ್ದರೆ ಗೋಡೆಯ ಗುಂಟ ತಿರುಗಿಸಿ, ತಿರುವಿನಲ್ಲಿ 1.5 ಮೀಟರ್ ಸಮತಟ್ಟು ಬಿಡಿ. ಅಗಲ ಕನಿಷ್ಠ 1.2 ಮೀಟರ್. ಕೈಹಿಡಿ ಎರಡು ಎತ್ತರದಲ್ಲಿ, 76 ಮತ್ತು 90 ಸೆಂ.ಮೀ.ಗೆ, ಎರಡೂ ಬದಿಗೆ ಇರಲಿ. ತುದಿಗಳಲ್ಲಿ 30 ಸೆಂ.ಮೀ. ಮುಂದಕ್ಕೆ ಚಾಚಿರಲಿ. ಮೇಲ್ಮೈಗೆ ನುಣುಪು ಟೈಲ್ಸ್ ಬೇಡ, ಒರಟು ಸಿಮೆಂಟೇ ಸಾಕು. ಕೆಲಸ ಮುಗಿಯಿತೆಂದು ಸಹಿ ಹಾಕುವ ಮುಂಚೆ ಟೇಪು ಹಿಡಿದು ಅಳೆಯಿರಿ, ಮಗುವನ್ನೇ ಒಮ್ಮೆ ಹತ್ತಿಸಿ ನೋಡಿ. ಕೆಳಗಿನ ತುದಿ ಚರಂಡಿಗೋ ಮರಳಿಗೋ ಇಳಿದಿದ್ದರೆ, ಮೇಲಿನ ತುದಿಯಲ್ಲಿ ಬಾಗಿಲು ಹೊರಕ್ಕೆ ತೆರೆಯುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಶೌಚಾಲಯದ ಬಾಗಿಲು 90 ಸೆಂ.ಮೀ. ತೆರವಿರಬೇಕು, ಒಳಗೆ ಕುರ್ಚಿ ತಿರುಗಲು 1.5 ಮೀಟರ್ ಜಾಗ ಬೇಕು. ಇಲ್ಲಿ ಬಾಗಿಲು ಹೊರಕ್ಕೆ ತೆರೆಯುವುದೇ ಸರಿ, ಮಗು ಒಳಗೆ ಬಿದ್ದರೆ ಬಾಗಿಲಿಗೆ ಅಡ್ಡವಾಗುವುದಿಲ್ಲ. ಹಿಡಿಕಂಬಿಯನ್ನು ಇಟ್ಟಿಗೆಯೊಳಗೆ ಆಳಕ್ಕೆ ಬೋಲ್ಟ್ ಹಾಕಿ ಕೂರಿಸಬೇಕು. ಗಾರೆಗೆ ಸಣ್ಣ ಸ್ಕ್ರೂ ಹಾಕಿದರೆ ಮಗು ಭಾರ ಬಿಟ್ಟ ದಿನವೇ ಕಿತ್ತುಬರುತ್ತದೆ. ಇಷ್ಟೆಲ್ಲ ಮಾಡಿ ಅದಕ್ಕೆ ಬೀಗ ಹಾಕಿ ಪೊರಕೆ-ಬಕೆಟ್ಟು ತುಂಬಿಡುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ಗಾಲಿಕುರ್ಚಿಗೆ ಅಳತೆ ತೆಗೆದ ದಿನಕ್ಕೂ ಕುರ್ಚಿ ಕೈಗೆ ಬರುವ ದಿನಕ್ಕೂ ತಿಂಗಳುಗಳ ಅಂತರವಿರುತ್ತದೆ, ಅಷ್ಟರಲ್ಲಿ ಮಗು ಬೆಳೆದಿರುತ್ತದೆ. ಸೊಂಟದ ಅಗಲಕ್ಕಿಂತ ಆಸನ ಎರಡು ಬೆರಳಿನಷ್ಟು ಅಗಲವಿರಬೇಕು. ಬಿಗಿಯಾಗಿದ್ದರೆ ತೊಡೆ ಉಜ್ಜಿ ಹುಣ್ಣಾಗುತ್ತದೆ, ಅತಿ ಸಡಿಲವಿದ್ದರೆ ಬೆನ್ನು ಒಂದು ಬದಿಗೆ ವಾಲುತ್ತದೆ. ವಿತರಣೆಯ ದಿನವೇ ಕೂರಿಸಿ ನೋಡಿ, ಆಗದಿದ್ದರೆ ಪಡೆದುಕೊಳ್ಳುವ ಪುಸ್ತಕದಲ್ಲಿಯೇ ಹಾಗೆಂದು ಬರೆದು ಸಹಿ ಮಾಡಿ.

ದೊಡ್ಡಕ್ಷರದ ಪ್ರತಿ ಎಂದರೆ ಎಲ್ಲವನ್ನೂ ಎ3 ಹಾಳೆಗೆ ಜೆರಾಕ್ಸ್ ಮಾಡುವುದಲ್ಲ. ಎ4ನಿಂದ ಎ3ಗೆ ಹಿಗ್ಗಿಸಿದರೆ ಶೇ 141 ಆಗುತ್ತದೆ, 12 ಪಾಯಿಂಟಿನ ಅಕ್ಷರ 17 ಆಗುತ್ತದೆ ಅಷ್ಟೆ. ಮಗುವಿಗೆ 24 ಬೇಕಿದ್ದರೆ ಅದು ಸಾಲದು, ಹಾಳೆ ಮಾತ್ರ ಮೇಜಿಗಿಂತ ದೊಡ್ಡದಾಗುತ್ತದೆ. ಪಾಠವನ್ನು ಕಂಪ್ಯೂಟರಿನಲ್ಲಿ ದಪ್ಪ ಅಕ್ಷರದಲ್ಲಿ ಟೈಪು ಮಾಡಿ ಎ4ನಲ್ಲೇ ಮುದ್ರಿಸುವುದು ಒಳ್ಳೆಯದು. ಒಮ್ಮೆ ಮಾಡಿದ್ದನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಕ್ಲಸ್ಟರಿನ, ಅಂದರೆ ಸುತ್ತಲಿನ ಗುಂಪಿನ, ಎಲ್ಲ ಶಾಲೆಗಳೂ ಬಳಸಬಹುದು. ಯಾವ ಗಾತ್ರ ಬೇಕೆಂದು ಮೊದಲು ಒಂದೇ ವಾಕ್ಯವನ್ನು 16, 20, 24, 28ರಲ್ಲಿ ಮುದ್ರಿಸಿ ಮಗುವಿಂದ ಓದಿಸಿ. ಎಲ್ಲಿ ತಡವರಿಕೆ ನಿಂತಿತೋ ಅದೇ ಆ ಮಗುವಿನ ಗಾತ್ರ.

ಶ್ರವಣಸಾಧನ ಕುಯ್ಯೆಂದು ಶಿಳ್ಳೆ ಹೊಡೆದರೆ ಸಾಧನ ಕೆಟ್ಟಿದೆ ಎಂದು ತೆಗೆದಿಡಬೇಡಿ. ಬಹಳ ಸಲ ಕಿವಿಯ ಅಚ್ಚು ಸಡಿಲವಾಗಿರುತ್ತದೆ, ಕಿವಿ ಬೆಳೆದಂತೆ ಅಚ್ಚು ಬದಲಿಸಬೇಕು. ಸಣ್ಣ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಹೊಸ ಅಚ್ಚು ಬೇಕಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಕೆಲಸ ನಡೆಯುತ್ತದೆ. ದೂರದ ಜಿಲ್ಲೆಯವರು ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ಹಣ ಪಾವತಿ ಮತ್ತು ಮಾರ್ಚ್

2021ರಿಂದ ಅನುದಾನ ಶಾಲೆಯ ಶೂನ್ಯ ಶಿಲ್ಕಿನ ಖಾತೆಗೆ ಖರ್ಚಿನ ಮಿತಿಯ ರೂಪದಲ್ಲಿ, ಅಂದರೆ ಇಷ್ಟರವರೆಗೆ ಖರ್ಚು ಮಾಡಬಹುದು ಎಂಬ ಅನುಮತಿಯಾಗಿ, ಬರುತ್ತದೆ, ಪಾವತಿ ಸರ್ಕಾರಿ ಹಣದ ಆನ್‌ಲೈನ್ ವ್ಯವಸ್ಥೆಯಾದ ಪಿಎಫ್‌ಎಂಎಸ್ ಮೂಲಕ. ಅಂಗಡಿಯವರ ಬ್ಯಾಂಕ್ ವಿವರ ಅದರಲ್ಲಿ ನೋಂದಣಿಯಾಗಿರಬೇಕು. ಬಡಗಿ, ವೆಲ್ಡಿಂಗ್‌ನವರ ಪಾಸ್‌ಬುಕ್ ಪ್ರತಿಯನ್ನು ಕೆಲಸ ಒಪ್ಪಿಸುವ ದಿನವೇ ಪಡೆಯಿರಿ. ಮೂರು ಕೊಟೇಶನ್, ಬಿಲ್ಲು, ದಾಸ್ತಾನು ವಹಿಯ ಪುಟಸಂಖ್ಯೆ, ವಸ್ತುವಿನ ಫೋಟೊ ನಾಲ್ಕೂ ಒಂದೇ ಕಡತದಲ್ಲಿರಲಿ. 5,000 ದಾಟಿದ ಕೈರಸೀದಿಗೆ ರೆವಿನ್ಯೂ ಸ್ಟಾಂಪು ಬೇಕು.

ಮಾರ್ಚ್ 31ಕ್ಕೆ ಉಳಿದ ಮಿತಿ ಹಿಂದಕ್ಕೆ ಹೋಗುತ್ತದೆ. ಕೊನೆಯ ವಾರದ ಅವಸರದಲ್ಲಿ ಅಂಗಡಿಯಲ್ಲಿ ಸಿಕ್ಕಿದ್ದನ್ನೇ ತಂದರೆ ಯಾರಿಗೂ ಬೇಡದ ಚಾರ್ಟುಗಳ ಕಟ್ಟು ಬರುತ್ತದೆ. ಕಂತು ತಡವಾಗಿ ಬರುವುದು ವಾಡಿಕೆಯಾದ್ದರಿಂದ, ಕೊಟೇಶನ್ ಮತ್ತು ನಡಾವಳಿಯನ್ನು ಅಕ್ಟೋಬರಿಗೇ ಸಿದ್ಧವಿಟ್ಟುಕೊಳ್ಳಿ. ಹಣ ಬಂದ ವಾರದಲ್ಲೇ ಕೆಲಸ ಶುರುಮಾಡಬಹುದು.

ಏಪ್ರಿಲ್ ಮೊದಲ ವಾರದಲ್ಲಿ, ರಜೆಗೆ ಮುಂಚೆ, ಪ್ರತಿ ಮಗುವಿನ ಹೆಸರಿನೆದುರು ಕೊಟ್ಟದ್ದು ಬಳಕೆಯಲ್ಲಿದೆಯೇ, ಇಲ್ಲದಿದ್ದರೆ ಯಾಕೆ ಎಂದು ಒಂದು ಸಾಲು ಬರೆದಿಡಿ. 7 ಅಥವಾ 8ನೇ ತರಗತಿ ಮುಗಿಸಿ ಬೇರೆ ಶಾಲೆಗೆ ಹೋಗುವ ಮಗುವಿನ ಓದುಮಣೆ, ದೊಡ್ಡಕ್ಷರದ ಪ್ರತಿಗಳು ವರ್ಗಾವಣೆ ಪತ್ರದ ಜೊತೆಗೇ ಹೊಸ ಶಾಲೆಗೆ ಹೋಗಲಿ, ದಾಸ್ತಾನು ವಹಿಯಲ್ಲಿ ಸ್ವೀಕೃತಿ ಪಡೆದರೆ ಸಾಕು. ರಜೆಯ ಎರಡು ತಿಂಗಳಿಗೆ ಬೇಕಾಗುವ ಎರಡು ಕಾರ್ಡು ಬ್ಯಾಟರಿಯನ್ನು ಆ ಮಗುವಿನ ಮನೆಗೆ ಕೊಟ್ಟು ಕಳಿಸಿ. ಬ್ಯಾಟರಿಯ ಮೇಲಿನ ಪುಟ್ಟ ಅಂಟುಚೀಟಿಯನ್ನು ಹಾಕುವ ಹೊತ್ತಿಗೆ ಮಾತ್ರ ಕೀಳಬೇಕು. ಚೀಟಿ ಕಿತ್ತೊಡನೆ ಗಾಳಿ ಸೇರಿ, ಬಳಸದಿದ್ದರೂ ಅದು ಖರ್ಚಾಗುತ್ತ ಹೋಗುತ್ತದೆ. ಇದನ್ನು ತಾಯಿಗೆ ಹೇಳಿದರೆ ಸಾಲದು, ಅವರ ಕೈಯಲ್ಲೇ ಒಮ್ಮೆ ಹಾಕಿಸಿ ತೋರಿಸಿ.